ಹಾರಿಸದೇ ಹೊರತೆಗೆದ ತೋಟಾ ಮೇಲೆ ಗೀರು, ಗುಳಿ, ಕಲೆ: ಯಾವುದು ಮಾಮೂಲಿ, ಯಾವುದು ಅಪಾಯ?

ಅರೆಸ್ವಯಂಚಾಲಿತ (ಸೆಮಿ ಆಟೊಮ್ಯಾಟಿಕ್) ರೈಫಲ್‌ಗೆ ಹೊಸ ತೋಟಾ ತುಂಬಿ, ಹಾರಿಸದೇ ಹಾಗೇ ಹೊರತೆಗೆದು ನೋಡಿದರೆ ಅದು ಮೊದಲಿನಂತೆ ಇರೋದಿಲ್ಲ. ಪಕ್ಕದಲ್ಲಿ ಉದ್ದುದ್ದ ಗೀರು, ಬುಡದ ಅಂಚಿನಲ್ಲಿ ಕಚ್ಚಿದಂಥ ಗುರುತು ಕಾಣುತ್ತೆ. ಕೆಲವು ರೈಫಲ್‌ಗಳಲ್ಲಾದರೆ ಬುಡದ ನಟ್ಟನಡುವೆ ಪೆನ್ಸಿಲ್ ಮೊನೆ ಒತ್ತಿದಂತೆ ಸಣ್ಣ ಗುಳಿಯೂ ಬಿದ್ದಿರುತ್ತೆ.

ಇದನ್ನು ನೋಡಿ ತೋಟಾ ಹಾಳಾಯ್ತು ಅಂತ ಗಾಬರಿಯಾಗುವವರಿದ್ದಾರೆ. ಏನೂ ಆಗಿಲ್ಲ ಬಿಡು ಅಂತ ಅದೇ ತೋಟಾವನ್ನು ತಿಂಗಳುಗಟ್ಟಲೆ ತುಂಬಿ ತೆಗೆದು ಮಾಡುವವರೂ ಇದ್ದಾರೆ. ಎರಡೂ ಸರಿಯಲ್ಲ. ತೋಟಾ ಪರೀಕ್ಷೆ ಮಾಡುವಾಗ ಗೀರಿಗಿಂತ ಅಳತೆ ಮುಖ್ಯ, ಬಣ್ಣಕ್ಕಿಂತ ಆಕಾರ ಮುಖ್ಯ.

ಇಂಥ ರೈಫಲ್ ನಮ್ಮಲ್ಲಿ ಸಾಮಾನ್ಯ ಜನರ ಮನೆಯಲ್ಲಿ ಇರೋದಿಲ್ಲ. ಸೇನೆ, ಪೊಲೀಸರು ಬಳಸುವ 7.62 ಎಂಎಂ, 5.56 ಎಂಎಂ, ತ್ರೀ ನಾಟ್ ತ್ರೀ ಇವೆಲ್ಲ ನಿಷೇಧಿತ ಬೋರ್. ಮಾಮೂಲಿ ಪರವಾನಗಿಯಲ್ಲಿ ಸಿಗುವುದಿಲ್ಲ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಎಆರ್-15 ಮಾದರಿಯ ರೈಫಲ್ ಅಂಗಡಿಯಲ್ಲೇ ಸಿಗುವುದರಿಂದ ಈ ಗೀರು-ಗುಳಿ ಪ್ರಶ್ನೆ ಅಲ್ಲಿನ ಬಂದೂಕುದಾರರಿಗೆ ದಿನನಿತ್ಯದ್ದು. ಆದರೂ ಇದು ಇಲ್ಲಿನವರಿಗೆ ಸಂಬಂಧವೇ ಇಲ್ಲದ ವಿಷಯ ಅಂತ ಹೇಳೋಕಾಗಲ್ಲ. ಸೇನೆಯಲ್ಲಿರುವವರು, ಸಶಸ್ತ್ರ ಮೀಸಲು ಪಡೆಯವರು, ನಿವೃತ್ತಿಯಾಗಿ ಬ್ಯಾಂಕ್ ಬಾಗಿಲಲ್ಲಿ ಗನ್‌ಮ್ಯಾನ್ ಆಗಿ ನಿಂತವರು, ಕೊಡಗು-ಮಲೆನಾಡಿನ ಕೋವಿ ಇರುವ ಮನೆಗಳವರು, ಕೊನೆಗೆ ಹಿತ್ತಾಳೆ ಕೊಳ್ಳುವ ಗುಜರಿ ಅಂಗಡಿಯವರು ಎಲ್ಲರ ಕೈಗೂ ಒಂದಲ್ಲ ಒಂದು ಸಲ ತೋಟಾ ಬರುತ್ತೆ.

ಯಾವ ಭಾಗಕ್ಕೆ ಏನು ಹೆಸರು

ಪೇಪರ್‌ನಲ್ಲಿ ‘ಸಜೀವ ಗುಂಡು ಪತ್ತೆ’ ಅಂತ ಬರೆಯೋದು ನಿಜಕ್ಕೂ ಇಡೀ ತೋಟಾ ಬಗ್ಗೆ. ಗುಂಡು ಅನ್ನೋದು ಅದರ ತುದಿಯ ಭಾಗ ಮಾತ್ರ, ಹಾರಿ ಹೋಗೋದು ಅದೊಂದೇ. ಸಾಮಾನ್ಯವಾಗಿ ಒಳಗೆ ಸೀಸ, ಮೇಲೆ ತಾಮ್ರದ ಹೊದಿಕೆ. ಗುಂಡನ್ನು ಹಿಡಿದುಕೊಂಡಿರುವುದು ಹಿತ್ತಾಳೆ ಕೊಳವೆ. ಅದರೊಳಗೆ ಮದ್ದು. ಕೊಳವೆಯ ಬುಡದ ನಡುವೆ ಕೂತಿರುವ ಪುಟ್ಟ ಬಟ್ಟಲಿನಂಥ ಬಿಲ್ಲೆಯೇ ಕೇಪು, ಅಂದ್ರೆ ಪ್ರೈಮರ್. ಕೇಪಿನ ಕೋವಿ ನೋಡಿದವರಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ. ಅದರಲ್ಲಿ ಕೇಪನ್ನು ಹೊರಗಿನಿಂದ ಸಿಕ್ಕಿಸುತ್ತಾರೆ, ತೋಟಾದಲ್ಲಿ ಅದು ಬುಡದಲ್ಲೇ ಕೂತುಬಿಟ್ಟಿರುತ್ತೆ. ಪಿನ್ ಬಂದು ಕೇಪಿಗೆ ಬಲವಾಗಿ ಹೊಡೆದರೆ ಅದರೊಳಗಿನ ಸೂಕ್ಷ್ಮ ಮದ್ದು ಸಿಡಿದು ಕಿಡಿ ಒಳಗೆ ಹೋಗುತ್ತೆ, ಈಡು ಹಾರುತ್ತೆ.

ಕೊಳವೆಗೆ ಬಳಸುವ ಹಿತ್ತಾಳೆಯಲ್ಲಿ 70 ಪಾಲು ತಾಮ್ರ, 30 ಪಾಲು ಸತು. ರೈಫಲ್ ಒಳಗಿನ ಭಾಗಗಳೆಲ್ಲ ಗಟ್ಟಿ ಉಕ್ಕು. ಗಟ್ಟಿ ಉಕ್ಕು ಮೆತ್ತಗಿನ ಹಿತ್ತಾಳೆಗೆ ತಾಗಿದ ಕಡೆಯೆಲ್ಲ ಗುರುತು ಬಿದ್ದೇ ಬೀಳುತ್ತೆ. ಹೊಸ ಹಿತ್ತಾಳೆ ಚೊಂಬನ್ನು ಸಿಮೆಂಟ್ ಕಟ್ಟೆ ಮೇಲೆ ಎರಡು ಸಲ ಎಳೆದರೆ ಆಗೋದೇ ಇಲ್ಲೂ ಆಗೋದು.

ಗೀರು ಬೀಳೋದು ಎಲ್ಲೆಲ್ಲಿ

ಜೋಡುನಳಿಗೆ ಕೋವಿಯಲ್ಲಿ ನಳಿಗೆ ಮುರಿದು ಕೈಯಿಂದ ತೋಟಾ ಜಾರಿಸಿ ಇಡ್ತಾರೆ. ಅದರಲ್ಲಿ ಎಳೆದಾಟವೇ ಇಲ್ಲ, ಹಾಗಾಗಿ ಗೀರೂ ಕಡಿಮೆ. ಸೆಮಿ ಆಟೊಮ್ಯಾಟಿಕ್ ಲೆಕ್ಕ ಬೇರೆ. ಒಂದು ಈಡು ಹಾರಿದಾಗ ನಳಿಗೆಯೊಳಗಿನ ಅನಿಲದಲ್ಲಿ ಸ್ವಲ್ಪ ಭಾಗ ಸಣ್ಣ ತೂತಿನಿಂದ ಹಿಂದಕ್ಕೆ ಬಂದು ಬೋಲ್ಟನ್ನು ಹಿಂದೆ ತಳ್ಳುತ್ತೆ. ಬೋಲ್ಟ್ ಹಿಂದೆ ಹೋಗ್ತಾ ಖಾಲಿ ಕೊಳವೆಯನ್ನು ಕಿತ್ತು ಹೊರಗೆಸೆಯುತ್ತೆ. ಆಮೇಲೆ ಸ್ಪ್ರಿಂಗ್ ಅದನ್ನು ಮುಂದಕ್ಕೆ ನೂಕುತ್ತೆ. ಮುಂದೆ ಬರುವಾಗ ಮ್ಯಾಗಜಿನ್‌ನ ಮೇಲಿನ ತೋಟಾವನ್ನು ದೂಡಿಕೊಂಡು ಬಂದು ಚೇಂಬರ್‌ಗೆ ತುರುಕುತ್ತೆ. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತೆ. ಮೊದಲ ತೋಟಾ ತುಂಬಲು ಕೈಯಿಂದ ಹಿಡಿ ಎಳೆದು ಬಿಟ್ಟಾಗಲೂ ಮುಂದಕ್ಕೆ ಬರುವ ಹೊಡೆತ ಅದೇ.

ಈ ದಾರಿಯಲ್ಲಿ ತೋಟಾ ಮೊದಲು ಉಜ್ಜೋದು ಮ್ಯಾಗಜಿನ್‌ನ ತುಟಿಗೆ. ತೋಟಾ ಹಾರಿ ಹೋಗದಂತೆ ಮೇಲೆ ಬಾಗಿಸಿರುವ ತಗಡಿನ ಅಂಚು ಅದು. ಆದ್ದರಿಂದ ಕೊಳವೆಯ ಪಕ್ಕದಲ್ಲಿ ಬುಡದಿಂದ ತುದಿಯ ಕಡೆಗೆ ನೇರ ಗೀರು ಬೀಳುತ್ತೆ. ಮ್ಯಾಗಜಿನ್‌ನಲ್ಲಿ ತೋಟಾಗಳು ಎಡಕ್ಕೊಂದು ಬಲಕ್ಕೊಂದು ಕೂತಿರುತ್ತವೆ. ಅದಕ್ಕೇ ಒಂದು ತೋಟಾಗೆ ಎಡಗಡೆ ಎದ್ದು ಕಾಣುವ ಗೀರಿದ್ದರೆ ಅದರ ಮುಂದಿನದಕ್ಕೆ ಬಲಗಡೆ. ಹೀಗೆ ಒಂದು ಬಿಟ್ಟೊಂದು ಬಂದಿದ್ದರೆ ಮ್ಯಾಗಜಿನ್ ಸರಿಯಾಗೇ ಇದೆ ಅಂತ ಲೆಕ್ಕ. ಗೀರು ಉಗುರಿಗೆ ಸಿಗುವಷ್ಟು ಆಳ ಇದ್ದು, ಹಿತ್ತಾಳೆ ಪುಡಿ ಉದುರ್ತಿದ್ದರೆ ಮಾತ್ರ ತುಟಿಯ ಅಂಚು ಮುರುಕಾಗಿದೆಯಾ ಅಂತ ನೋಡಿಸಬೇಕು.

ಮುಂದೆ ಬರುವುದು ಚೇಂಬರ್ ಬಾಯಿಯ ಇಳಿಜಾರು. ಗುಂಡಿನ ಮೂಗು ಅದಕ್ಕೆ ತಾಗಿಯೇ ಒಳಗೆ ಹೋಗಬೇಕು. ತಾಮ್ರದ ಮೇಲೆ ಸಣ್ಣ ತರಚು, ಮೂಗಿನ ಒಂದು ಕಡೆ ಹೊಳೆಯುವ ಚುಕ್ಕೆ ಆಗುವುದು ಇಲ್ಲಿಂದಲೇ. ಎಆರ್-15 ಬೋಲ್ಟ್‌ಗೆ ಮುಂಭಾಗದಲ್ಲಿ 7 ಹಲ್ಲು. ಅವು ಸಿಕ್ಕಿಕೊಳ್ಳೋಕೆ ನಳಿಗೆಯ ಹಿಂಭಾಗದಲ್ಲೂ ಹಲ್ಲುಗಳಿವೆ, ತೋಟಾ ಅವುಗಳ ನಡುವೆ ನುಸುಳಿ ಹೋಗುವಾಗ ಗುಂಡಿಗೂ ಭುಜಕ್ಕೂ ಅಲ್ಲಲ್ಲಿ ತಾಗುತ್ತೆ. ಗುಂಡಿನ ತುದಿಗೆ ಬಣ್ಣ ಹಚ್ಚಿದ್ದರೆ, ಉದಾಹರಣೆಗೆ 5.56 ಎಂಎಂನ ಒಂದು ಬಗೆಗೆ ಹಸಿರು ತುದಿ ಇರುತ್ತೆ, ಆ ಬಣ್ಣ ಕೆದರಿ ಹೋಗೋದು ಸಹ ಮಾಮೂಲಿ.

ಕೊನೆಗೆ ಬುಡ. ಚೇಂಬರ್ ಸೇರಿದ ಕೂಡಲೇ ಎಕ್ಸ್‌ಟ್ರ್ಯಾಕ್ಟರ್ ಅನ್ನೋ ಕೊಕ್ಕೆ ಬುಡದ ಅಂಚನ್ನು ಕಚ್ಚಿ ಹಿಡಿಯುತ್ತೆ, ಹೊರತೆಗೆಯುವಾಗ ಎಳೆಯೋದೂ ಅದೇ. ಅಂಚಿನ ಮೇಲೆ ಒಂದು ಕಡೆ ಹಿತ್ತಾಳೆ ಸ್ವಲ್ಪ ಎದ್ದಂತೆ ಕಾಣೋದು ಇದರಿಂದ. ಎದುರುಗಡೆ ಎಜೆಕ್ಟರ್ ಒತ್ತಿದ ದುಂಡು ಗುರುತು. ಎಆರ್, ಎಕೆ ಎರಡರಲ್ಲೂ ಬೋಲ್ಟ್ ತಿರುಗಿ ಬೀಗ ಹಾಕಿಕೊಳ್ಳುತ್ತೆ, ಹಾಗಾಗಿ ಬುಡದ ಮೇಲೆ ಬಿಲ್ಲಿನಂತೆ ಬಾಗಿದ ತೆಳು ಗೀರೂ ಸಿಗಬಹುದು. ಎಸ್‌ಎಲ್‌ಆರ್‌ನಲ್ಲಿ ಬೋಲ್ಟ್ ತಿರುಗೋದಿಲ್ಲ, ಹಿಂಭಾಗ ಕೆಳಗೆ ವಾಲಿ ಕೂರುತ್ತೆ. ಆದ್ದರಿಂದ ಅದರ ತೋಟಾದಲ್ಲಿ ಇಂಥ ಬಾಗಿದ ಗೀರು ಹುಡುಕಬೇಕಾಗಿಲ್ಲ.

ಕಾರ್ಖಾನೆಯಲ್ಲೇ ಬಿದ್ದ ಗುರುತುಗಳೂ ಇರುತ್ತವೆ, ಜನ ಅದನ್ನೂ ಅನುಮಾನದಿಂದ ನೋಡ್ತಾರೆ. ಬುಡದ ಮೇಲಿನ ಅಕ್ಷರ ಮತ್ತು ಇಸವಿ ಅಂಥದ್ದು. ಕೆಎಫ್ ಅಂತಿದ್ದರೆ ಪುಣೆ ಹತ್ತಿರದ ಖಡ್ಕಿ ಕಾರ್ಖಾನೆ, ಓಎಫ್‌ವಿ ಅಂತಿದ್ದರೆ ಮಹಾರಾಷ್ಟ್ರದ್ದೇ ವರಣ್‌ಗಾಂವ್. ಕೇಪಿನ ಸುತ್ತ ಉಂಗುರದಂತೆಯೋ ಮೂರು ಕಡೆ ಉಳಿಯಿಂದ ಚುಚ್ಚಿದಂತೆಯೋ ಇರುವುದು ಕೇಪು ಸಡಿಲವಾಗದಿರಲಿ ಅಂತ ಒತ್ತಿದ್ದು. ಕೇಪಿನ ಸುತ್ತ ಕೆಂಪು, ಹಸಿರು ಅಥವಾ ನೇರಳೆ ಬಣ್ಣದ ಅರಗು, ಕೊಳವೆ ಬಾಯಲ್ಲಿ ಟಾರ್‌ನಂಥ ಕಪ್ಪು ಗೆರೆ ಇದ್ದರೆ ಅದು ನೀರು ಒಳಗೆ ಹೋಗದಂತೆ ಹಚ್ಚಿದ ಮೇಣ. ಕೊಳಕು ಅಂತ ಕೆರೆಯಬಾರದು.

ಕೇಪಿನ ಮೇಲೆ ಪುಟ್ಟ ಗುಳಿ

ಎಲ್ಲಕ್ಕಿಂತ ಹೆಚ್ಚು ಹೆದರಿಸುವ ಗುರುತು ಇದು. ಟ್ರಿಗರ್ ಮುಟ್ಟಿಯೇ ಇಲ್ಲ, ಆದರೂ ಕೇಪಿನ ಮೇಲೆ ಪಿನ್ ಹೊಡೆದ ಗುರುತು. ಬಂದೂಕು ತಾನಾಗೇ ಹೊಡೆಯೋಕೆ ಹೊರಟಿತ್ತಾ ಅನ್ನೋ ಪ್ರಶ್ನೆ ಸಹಜವೇ.

ಉತ್ತರ ಪಿನ್‌ನ ವಿನ್ಯಾಸದಲ್ಲಿದೆ. ಯೂಜೀನ್ ಸ್ಟೋನರ್ 1950ರ ದಶಕದ ಕೊನೆಗೆ ರೂಪಿಸಿದ ಎಆರ್-15, ಅದರಿಂದ ಬಂದ ಸೇನಾ ಆವೃತ್ತಿ ಎಂ16 ಎರಡರಲ್ಲೂ ಫೈರಿಂಗ್ ಪಿನ್‌ಗೆ ಹಿಂದಕ್ಕೆ ಎಳೆದಿಡುವ ಸ್ಪ್ರಿಂಗ್ ಇಲ್ಲ. ಬೋಲ್ಟ್‌ನ ತೂತಿನೊಳಗೆ ಪಿನ್ ಸಡಿಲವಾಗಿ ಹಿಂದೆ ಮುಂದೆ ಆಡ್ತಿರುತ್ತೆ. ಓಡ್ತಿರೋ ಬಸ್ ಗಕ್ಕನೆ ಬ್ರೇಕ್ ಹಾಕಿದರೆ ನಿಂತವರು ಮುಂದಕ್ಕೆ ಮುಗ್ಗರಿಸುತ್ತಾರಲ್ಲ, ಹಾಗೆ ಬೋಲ್ಟ್ ಮುಂದೆ ಬಂದು ಧಡಕ್ಕನೆ ನಿಂತಾಗ ಒಳಗಿನ ಪಿನ್ ಮಾತ್ರ ಮುಂದೆ ಸರಿದು ಕೇಪನ್ನು ಮೆಲ್ಲಗೆ ಕುಟ್ಟುತ್ತೆ. ಅದೇ ಆ ಗುಳಿ. ಟ್ರಿಗರ್ ಎಳೆದಾಗ ಸುತ್ತಿಗೆ ಬಂದು ಪಿನ್‌ಗೆ ಹೊಡೆಯುವ ಬಲದ ಮುಂದೆ ಇದು ಏನೇನೂ ಅಲ್ಲ. ಹಾರಿಸಿದ ತೋಟಾದ ಕೇಪಿನ ಗುಂಡಿಯನ್ನೂ ಈ ಗುಳಿಯನ್ನೂ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಯಾರಿಗಾದರೂ ತಿಳಿಯುತ್ತೆ.

ಎಕೆ-47 ಮಾದರಿಯ ಬಹುತೇಕ ರೈಫಲ್‌ಗಳಲ್ಲಿ, 1936ರಲ್ಲಿ ಅಮೆರಿಕ ಸೇನೆ ಸೇರಿದ ಎಂ1 ಗ್ಯಾರಂಡ್‌ನಲ್ಲಿ, ರಷ್ಯಾದ ಎಸ್‌ಕೆಎಸ್‌ನ ಹೆಚ್ಚಿನವುಗಳಲ್ಲಿ ಕೂಡ ಪಿನ್ ಹೀಗೇ ಸಡಿಲ. ಇವೆಲ್ಲದರಲ್ಲೂ ಸಣ್ಣ ಗುಳಿ ನಿರೀಕ್ಷಿತ.

ಹಾಗಂತ ಇದರಲ್ಲಿ ಅಪಾಯವೇ ಇಲ್ಲ ಅಂತಲ್ಲ. ಟ್ರಿಗರ್ ಮುಟ್ಟದೆ ಬೋಲ್ಟ್ ಬಡಿತಕ್ಕೇ ಈಡು ಹಾರುವುದನ್ನು ಸ್ಲ್ಯಾಮ್ ಫೈರ್ ಅಂತಾರೆ. 1960ರ ದಶಕದ ಆರಂಭದಲ್ಲಿ ಎಂ16 ಪಿನ್‌ನ ತೂಕ ಇಳಿಸಿದ್ದು ಇದೇ ಚಿಂತೆಯಿಂದ. ಸೇನೆಯ ತೋಟಾಗಳಿಗೆ ಗಟ್ಟಿ ಕೇಪು ಹಾಕುವುದೂ ಅದಕ್ಕೇ. ಅಮೆರಿಕದಲ್ಲಿ ಖಾಲಿ ಕೊಳವೆಗೆ ಮನೆಯಲ್ಲೇ ಮದ್ದು ತುಂಬಿಕೊಳ್ಳುವ ಹವ್ಯಾಸ ಇದೆ. ಅಂಥವರು ಮೆತ್ತಗಿನ ಕೇಪು ಹಾಕಿದಾಗ, ಅಥವಾ ಕೇಪು ಪೂರ್ತಿ ಒಳಗೆ ಕೂರದೆ ಬುಡದಿಂದ ಕೂದಲೆಳೆಯಷ್ಟು ಮೇಲೆ ನಿಂತಾಗ ಸ್ಲ್ಯಾಮ್ ಫೈರ್ ಆಗುವ ಸಾಧ್ಯತೆ ಹೆಚ್ಚು. ಬೋಲ್ಟ್ ತೂತಿನಲ್ಲಿ ಕೊಳೆ, ಒಣಗಿದ ಗ್ರೀಸ್ ತುಂಬಿ ಪಿನ್ ಮುಂದೆಯೇ ಸಿಕ್ಕಿಹಾಕಿಕೊಂಡರೂ ಹೀಗಾಗಬಹುದು. ಬೋಲ್ಟ್ ಬಿಚ್ಚಿ ಕೈಯಲ್ಲಿ ಅಲ್ಲಾಡಿಸಿದರೆ ಪಿನ್ ಲೊಟಲೊಟ ಸದ್ದು ಮಾಡಬೇಕು. ಸದ್ದು ಬರದಿದ್ದರೆ ಸ್ವಚ್ಛ ಮಾಡುವವರೆಗೆ ಅದನ್ನು ಬಳಸಬಾರದು.

ನಮ್ಮ ಪೊಲೀಸರಿಗೆ ಬಹುಕಾಲದಿಂದ ಪರಿಚಯದ ಎಸ್‌ಎಲ್‌ಆರ್ ಇಲ್ಲಿ ಬೇರೆ ಸಾಲಿಗೆ ಸೇರುತ್ತೆ. ಇಚ್ಛಾಪುರ ರೈಫಲ್ ಕಾರ್ಖಾನೆಯಲ್ಲಿ ತಯಾರಾದ ಈ 7.62 ಎಂಎಂ ರೈಫಲ್ ಮೂಲತಃ ಬೆಲ್ಜಿಯಂನ ಎಫ್‌ಎಎಲ್ ಮಾದರಿ. ಅದರ ಪಿನ್‌ಗೆ ಸ್ಪ್ರಿಂಗ್ ಇದೆ. ಹಾಗಾಗಿ ಎಆರ್‌ನಲ್ಲಿ ಮಾಮೂಲಿ ಅನ್ನಿಸುವ ಗುಳಿ ಎಸ್‌ಎಲ್‌ಆರ್‌ನಿಂದ ತೆಗೆದ ತೋಟಾದಲ್ಲಿ ಕಂಡರೆ ಸ್ಪ್ರಿಂಗ್ ಮುರಿದಿದೆಯಾ ಅಂತ ಆರ್ಮರರ್ ಹತ್ತಿರ ತೋರಿಸೋದು ಒಳ್ಳೇದು. ಗುರುತು ಒಂದೇ, ಬಂದೂಕು ಬದಲಾದರೆ ಅರ್ಥ ಬದಲಾಗುತ್ತೆ.

ಇನ್ನು 22 ರೈಫಲ್. ಶೂಟಿಂಗ್ ಕಲಿಯುವ ಮಕ್ಕಳ ಕೈಗೆ ಮೊದಲು ಬರೋದು ಇದು. ಇದರ ತೋಟಾದಲ್ಲಿ ಪ್ರತ್ಯೇಕ ಕೇಪೇ ಇರೋದಿಲ್ಲ, ಸಿಡಿಯುವ ಮದ್ದು ಬುಡದ ಅಂಚಿನ ಸುತ್ತ ಒಳಗೇ ಇರುತ್ತೆ. ಆದ್ದರಿಂದ ಅಂಚಿನ ಮೇಲೆ ಜಜ್ಜಿದ ಗುರುತಿದ್ದರೆ ಅದನ್ನು ಬರೀ ಗೀರು ಅಂತ ತಳ್ಳಿಹಾಕುವಂತಿಲ್ಲ.

ಸುಟ್ಟಂತೆ ಕಾಣುವ ಕುತ್ತಿಗೆ, ಮತ್ತು ಮಳೆಗಾಲದ ಕಥೆ

ಸೇನೆಯ ತೋಟಾ ನೋಡಿದವರು ಗಮನಿಸಿರಬಹುದು. ಕೊಳವೆಯ ಕುತ್ತಿಗೆ, ಭುಜದ ಹತ್ತಿರ ನೀಲಿ-ಕಂದು ಮಿಶ್ರ ಕಲೆ ಇರುತ್ತೆ, ಗ್ಯಾಸ್ ಒಲೆ ಮೇಲೆ ಕಾಯಿಸಿದ ಪಾತ್ರೆಯ ಬಣ್ಣದಂತೆ. ‘ಇದು ಒಂದು ಸಲ ಹಾರಿಸಿ ಮತ್ತೆ ತುಂಬಿದ್ದು’ ಅಂತ ಹೇಳೋರೂ ಇದ್ದಾರೆ. ಹಾಗಲ್ಲ. ಕೊಳವೆ ತಯಾರಿಸುವಾಗ ಹಿತ್ತಾಳೆಯನ್ನು ಎಳೆದೆಳೆದು ಗಟ್ಟಿಯಾಗಿಸಿರುತ್ತಾರೆ, ಒಳಗೆ ಬಿಗಿತ ಉಳಿದಿರುತ್ತೆ. ಆ ಬಿಗಿತ ಸಡಿಲಿಸಲು ಕುತ್ತಿಗೆಯನ್ನು ಬೆಂಕಿಯಲ್ಲಿ ಹದವಾಗಿ ಕಾಯಿಸುತ್ತಾರೆ. ಕಲೆ ಅದರದ್ದು. ಅಂಗಡಿಗೆ ಮಾರುವ ತೋಟಾಗಳಲ್ಲಿ ಅಂದಕ್ಕಾಗಿ ಕಲೆಯನ್ನು ಉಜ್ಜಿ ತೆಗೆಯುತ್ತಾರೆ, ಸೇನೆಯದ್ದರಲ್ಲಿ ಹಾಗೇ ಬಿಡುತ್ತಾರೆ. ಅಂದರೆ ಈ ಕಲೆ ಇದ್ದರೆ ಖುಷಿಪಡಬೇಕು.

ಯಾಕೆ ಕಾಯಿಸಬೇಕು ಅನ್ನೋದಕ್ಕೆ ಭಾರತದ್ದೇ ಹಿನ್ನೆಲೆ ಇದೆ. ಬ್ರಿಟಿಷರ ಕಾಲದಲ್ಲಿ ಮಳೆಗಾಲ ಬಂದರೆ ಸೇನೆಯ ಓಡಾಟ ಕಡಿಮೆ. ತೋಟಾಗಳನ್ನು ಕುದುರೆ ಲಾಯಗಳಲ್ಲಿ ಪೇರಿಸಿಡುತ್ತಿದ್ದರು. ಮಳೆ ನಿಂತ ಮೇಲೆ ತೆಗೆದು ನೋಡಿದರೆ ಎಷ್ಟೋ ಕೊಳವೆಗಳು ಬಿರುಕು ಬಿಟ್ಟಿರುತ್ತಿದ್ದವು, ಅದೂ ಗುಂಡನ್ನು ಬಿಗಿಹಿಡಿದ ಕುತ್ತಿಗೆಯ ಭಾಗದಲ್ಲೇ. ಯಾರೂ ಮುಟ್ಟಿಲ್ಲ, ಬಡಿದಿಲ್ಲ. ಮಳೆಗಾಲಕ್ಕೆ ಬರುವ ಬಿರುಕು ಅಂತ ಅದಕ್ಕೆ ‘ಸೀಸನ್ ಕ್ರ್ಯಾಕಿಂಗ್’ ಅಂತ ಹೆಸರೇ ಬಿತ್ತು. ಕಾರಣ ಖಚಿತವಾಗಿ ಗೊತ್ತಾಗಿದ್ದು 1921ರಲ್ಲಿ, ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಮೂವರು ವಿವರಿಸಿದ ಮೇಲೆ. ಕುದುರೆ ಗಂಜಲದಿಂದ ಏಳುವ ಅಮೋನಿಯಾ, ತೇವ, ಹಿತ್ತಾಳೆಯೊಳಗಿನ ಬಿಗಿತ ಈ ಮೂರೂ ಸೇರಿದಾಗ ಲೋಹ ತಾನಾಗೇ ಸೀಳುತ್ತೆ.

ನೂರು ವರ್ಷದ ಹಳೆ ಕಥೆ ಅಂತ ಬಿಡುವ ಹಾಗಿಲ್ಲ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಕೊಟ್ಟಿಗೆ ಮನೆಗೆ ಅಂಟಿಕೊಂಡೇ ಇರುತ್ತೆ, ಗೊಬ್ಬರದ ಚೀಲ ಉಗ್ರಾಣದಲ್ಲಿರುತ್ತೆ. ಕೋವಿಯ ತೋಟಾಗಳನ್ನೂ ಅಲ್ಲೇ ಅಟ್ಟದ ಮೇಲೆ ಇಟ್ಟುಬಿಡ್ತಾರೆ. ಗಂಜಲದ ಘಾಟು ಬರುವ ಕಡೆ, ಯೂರಿಯಾ ಅಥವಾ ಅಮೋನಿಯಂ ಗೊಬ್ಬರದ ಪಕ್ಕ ಹಿತ್ತಾಳೆ ತೋಟಾ ಇಡಬಾರದು. 12 ಬೋರ್ ತೋಟಾದ ಮೈ ಪ್ಲಾಸ್ಟಿಕ್ ಅಥವಾ ಕಾಗದ ಆದರೂ ಬುಡ ಲೋಹದ್ದೇ. ಹಿತ್ತಾಳೆ ಹೊಳಪಿಸುವ ಕೆಲವು ಪಾಲಿಶ್‌ಗಳಲ್ಲೂ ಅಮೋನಿಯಾ ಇರುತ್ತೆ. ಆಯುಧಪೂಜೆ, ಕೈಲ್ ಮುಹೂರ್ತ ಹತ್ತಿರ ಬಂತು ಅಂತ ತೋಟಾಗಳಿಗೂ ಪಾಲಿಶ್ ಹಾಕುವುದು, ಹುಣಸೆಹಣ್ಣು ತಿಕ್ಕಿ ತೊಳೆಯುವುದು ಬೇಡವೇ ಬೇಡ. ಕೋವಿಯನ್ನು ಚೆನ್ನಾಗಿ ಒರೆಸಿ ಪೂಜೆಗಿಟ್ಟರೆ ಸಾಕು, ತೋಟಾಗೆ ಒಣ ಬಟ್ಟೆಯೇ ಹೆಚ್ಚು.

ಚರ್ಮದ ತೋಟಾಪಟ್ಟಿಯಲ್ಲಿ ವರ್ಷಾನುಗಟ್ಟಲೆ ಸಿಕ್ಕಿಸಿಟ್ಟ ತೋಟಾಗೆ ಹಸಿರು ಕಿಲುಬು ಬರುತ್ತೆ. ಚರ್ಮ ಹದ ಮಾಡುವಾಗ ಬಳಸಿದ ಆಮ್ಲ ಅದಕ್ಕೆ ಕಾರಣ. ಮೇಲೆ ತೆಳುವಾಗಿ ಕಂದು ಬಣ್ಣಕ್ಕೆ ತಿರುಗುವುದು ಬರೀ ಬಣ್ಣ, ಅದರಿಂದ ತೊಂದರೆ ಇಲ್ಲ. ಹಸಿರು ಪುಡಿ ಕಟ್ಟಿ, ಒರೆಸಿದಾಗ ಕೆಳಗೆ ಗುಂಡಿಗುಂಡಿಯಾಗಿ ಲೋಹ ತಿಂದಿದ್ದು ಕಂಡರೆ ಅಂಥದ್ದನ್ನು ಬಳಸಬಾರದು.

ಉಕ್ಕಿನ ಕೊಳವೆಯ ತೋಟಾಗಳೂ ಇವೆ. ಎಕೆಗೆ ಬಳಸುವ ರಷ್ಯಾ ಮಾದರಿಯವು ಬಹಳಷ್ಟು ಅಂಥವು, ತುಕ್ಕು ಹಿಡಿಯದಿರಲಿ ಅಂತ ಮೇಲೆ ಅರಗು ಬಳಿದಿರುತ್ತೆ. ಬಂದೂಕಿನಲ್ಲಿ ಓಡಾಡಿದಾಗ ಅರಗು ಕೆದರುತ್ತೆ. ಅವತ್ತಿಗೆ ಅದು ಬರೀ ಗೀರು. ಒಂದು ಮಳೆಗಾಲ ಕಳೆದರೆ ಅದೇ ಜಾಗದಲ್ಲಿ ತುಕ್ಕು.

ಇಲ್ಲಿ ಮಾತ್ರ ಎಚ್ಚರ

ಮೇಲೆ ಹೇಳಿದ ಗೀರು, ಕಚ್ಚು, ಕಲೆ ಯಾವುದೂ ತೋಟಾದ ಅಳತೆ ಬದಲಿಸೋದಿಲ್ಲ. ಅಳತೆ ಬದಲಾದರೆ ಕಥೆ ಬೇರೆ.

ಗುಂಡಿನ ಮೂಗು ಪದೇಪದೇ ಇಳಿಜಾರಿಗೆ ಬಡಿದಾಗ ಗುಂಡು ಕೊಳವೆಯೊಳಕ್ಕೆ ಕುಸಿಯಬಹುದು. ಹೊರಗೆ ನೋಡಿದರೆ ಫಳಫಳ, ಒಂದು ಗೀರೂ ಇಲ್ಲದಿರಬಹುದು. ಆದರೆ ಒಳಗೆ ಮದ್ದಿಗಿದ್ದ ಜಾಗ ಕಡಿಮೆಯಾಗಿರುತ್ತೆ. ಅಷ್ಟೇ ಮದ್ದು ಇಕ್ಕಟ್ಟಾದ ಜಾಗದಲ್ಲಿ ಉರಿದರೆ ಒತ್ತಡ ಏರುತ್ತೆ, ಬಂದೂಕು ಸೀಳಿ ಕೈ, ಕಣ್ಣು ಹೋಗಬಹುದು. ಇದನ್ನು ಕಂಡುಹಿಡಿಯೋದು ಕಷ್ಟವೇನಲ್ಲ. ಅದೇ ಪೆಟ್ಟಿಗೆಯ ಹೊಸ ತೋಟಾವನ್ನೂ ಇದನ್ನೂ ಸಮತಟ್ಟು ಮೇಜಿನ ಮೇಲೆ ಬುಡ ಕೆಳಗಾಗಿ ನಿಲ್ಲಿಸಿ, ಎರಡರ ತುದಿ ಸಮ ಇದೆಯಾ ಅಂತ ಕಣ್ಣೆತ್ತರಕ್ಕೆ ಬಾಗಿ ನೋಡಬೇಕು. ಲೇತ್ ಅಂಗಡಿಯಲ್ಲಿರುವಂಥ ವರ್ನಿಯರ್ ಕ್ಯಾಲಿಪರ್ ಇದ್ದರೆ ಇನ್ನೂ ಒಳ್ಳೇದು. 5.56 ಎಂಎಂ ತೋಟಾದ ಒಟ್ಟು ಉದ್ದದ ಗರಿಷ್ಠ ಮಿತಿ ಸುಮಾರು 57.4 ಮಿ.ಮೀ., 7.62 ಎಂಎಂ ಎಸ್‌ಎಲ್‌ಆರ್ ತೋಟಾದ್ದು ಸುಮಾರು 71.1 ಮಿ.ಮೀ. ಆದರೆ ಒಂದೊಂದು ಬಗೆಯ ಗುಂಡಿಗೆ ಸ್ವಲ್ಪ ಹೆಚ್ಚು ಕಡಿಮೆ ಇರೋದರಿಂದ ಅದೇ ಪೆಟ್ಟಿಗೆಯ ಹೊಸದರ ಜೊತೆ ಹೋಲಿಸೋದೇ ಸರಿಯಾದ ಕ್ರಮ. ಸೇನೆಯ ಗುಂಡಿನ ಸುತ್ತ ಸಾಮಾನ್ಯವಾಗಿ ಒಂದು ಕೊರೆದ ಗೆರೆ ಇರುತ್ತೆ, ಕೊಳವೆಯ ಬಾಯಿ ಆ ಗೆರೆಯ ಮೇಲೆ ಕೂತಿರುತ್ತೆ. ಗೆರೆ ಪೂರ್ತಿ ಒಳಗೆ ಮುಳುಗಿದ್ದರೆ ಅಳೆಯುವ ಅಗತ್ಯವೂ ಇಲ್ಲ, ಆ ತೋಟಾ ಮುಗೀತು.

ಉಲ್ಟಾ ಕೂಡ ಆಗುತ್ತೆ. ಬೋಲ್ಟ್ ಗಕ್ಕನೆ ನಿಂತಾಗ ಗುಂಡು ಮುಂದಕ್ಕೆ ಜಾರಿ ತೋಟಾ ಉದ್ದ ಆಗಬಹುದು. ಬೆರಳಲ್ಲಿ ಹಿಡಿದು ತಿರುವಿದಾಗ ಗುಂಡು ತಿರುಗಿದರೆ ಹಿಡಿತ ಸಡಿಲವಾಗಿದೆ ಅಂತಲೇ ಅರ್ಥ. ಕುತ್ತಿಗೆಯಲ್ಲಿ ಬಿರುಕು, ಭುಜ ಒಳಗೆ ಕುಸಿದಿರುವುದು, ಉಗುರು ಕೂರುವಷ್ಟು ನೆಗ್ಗು, ಕೇಪು ಬುಡಕ್ಕಿಂತ ಮೇಲೆ ನಿಂತಿರುವುದು ಇವೂ ಅದೇ ಜಾತಿಗೆ ಸೇರಿದವು.

ಸಿಬ್ಬಂದಿ, ಗನ್‌ಮ್ಯಾನ್‌ಗಳು ಇಲ್ಲಿ ವಿಶೇಷವಾಗಿ ಗಮನಿಸಬೇಕಾದ್ದು ಒಂದಿದೆ. ಡ್ಯೂಟಿ ಶುರುವಾದಾಗ ತುಂಬುವುದು, ಮುಗಿದಾಗ ತೆಗೆದು ಅದೇ ತೋಟಾವನ್ನು ಮತ್ತೆ ಮ್ಯಾಗಜಿನ್ ತಲೆಗೇ ಹಾಕುವುದು ರೂಢಿ. ಪ್ರತಿ ತೋಟಾಗೂ ಲೆಕ್ಕ ಒಪ್ಪಿಸಬೇಕಾದ ಕಡೆ ಹೊಸದು ಕೇಳೋಕೂ ಹಿಂಜರಿಕೆ. ಹೀಗೆ ದಿನಾ ಏಟು ತಿನ್ನುವುದು ಒಂದೇ ತೋಟಾ. ಸಡಿಲ ಪಿನ್‌ನ ರೈಫಲ್ ಆದರೆ ಅದರ ಕೇಪಿಗೂ ದಿನಾ ಒಂದು ಕುಟ್ಟು. ಕೇಪಿನೊಳಗಿನ ಮದ್ದಿನ ಪದರ ಬಿರುಕು ಬಿಟ್ಟು ಉದುರಿದರೆ ಟ್ರಿಗರ್ ಎಳೆದಾಗ ಟಕ್ ಅಂತ ಸದ್ದು ಬರುತ್ತೆ ಅಷ್ಟೇ, ಈಡು ಹಾರೋದಿಲ್ಲ. ನಿಜವಾಗಿ ಅಗತ್ಯ ಬಿದ್ದ ದಿನ ಮೊದಲು ಹಾರಬೇಕಾದ್ದು ಇದೇ ತೋಟಾ ಅನ್ನೋದನ್ನು ನೆನಪಿಡಬೇಕು. ಒಂದು ಸಲ ಚೇಂಬರ್ ಕಂಡ ತೋಟಾಗೆ ಮಾರ್ಕರ್ ಪೆನ್ನಿನಿಂದ ಪಕ್ಕದಲ್ಲಿ ಸಣ್ಣ ಗೆರೆ ಎಳೆದು ಮ್ಯಾಗಜಿನ್ ತಳಕ್ಕೆ ಹಾಕಿ, ಸರದಿ ಪ್ರಕಾರ ಬಳಸಿದರೆ ಏಟು ಹಂಚಿಹೋಗುತ್ತೆ. ಎರಡು ಮೂರು ಗೆರೆ ಬಿದ್ದಿದ್ದನ್ನು ಪಕ್ಕಕ್ಕಿಟ್ಟು ಮುಂದಿನ ಫೈರಿಂಗ್ ಅಭ್ಯಾಸಕ್ಕೆ ಕಳಿಸುವುದು ಜಾಣತನ. ಉದ್ದ ಹೋಲಿಸಿ ನೋಡಿದ ಮೇಲೆ ಕಳಿಸಬೇಕು ಅನ್ನೋದು ಬೇರೆ ಹೇಳಬೇಕಿಲ್ಲ.

ಟ್ರಿಗರ್ ಎಳೆದೂ ಹಾರದಿದ್ದರೆ ತಕ್ಷಣ ಬೋಲ್ಟ್ ಎಳೆಯುವ ಅಭ್ಯಾಸ ಕೆಟ್ಟದ್ದು. ಕೆಲವೊಮ್ಮೆ ಮದ್ದು ತಡವಾಗಿ ಹೊತ್ತಿಕೊಳ್ಳುತ್ತೆ. ನಳಿಗೆಯನ್ನು ಗುರಿಯ ದಿಕ್ಕಿಗೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಬೇಕು ಅಂತ ಅಭ್ಯಾಸದ ಮೈದಾನಗಳಲ್ಲಿ ಕಲಿಸ್ತಾರೆ.

ಗೀರೇ ಸಾಕ್ಷಿ ಆದಾಗ

ಬಂದೂಕುದಾರರಿಗೆ ಬರೀ ಗೀರು ಅನ್ನಿಸಿದ್ದು ವಿಧಿವಿಜ್ಞಾನದವರಿಗೆ ಬೆರಳಚ್ಚು. ಒಂದೇ ಕಾರ್ಖಾನೆಯ ಒಂದೇ ಮಾದರಿಯಾದರೂ ಎರಡು ಬಂದೂಕಿನ ಪಿನ್, ಕೊಕ್ಕೆ, ಬೋಲ್ಟ್ ಮುಖ ಸೂಕ್ಷ್ಮದರ್ಶಕದಡಿ ಒಂದೇ ಥರ ಇರೋದಿಲ್ಲ. 1929ರಲ್ಲಿ ಷಿಕಾಗೋದ ವ್ಯಾಲೆಂಟೈನ್ ದಿನದ ಹತ್ಯಾಕಾಂಡದ ಜಾಗದಲ್ಲಿ ಸಿಕ್ಕ 70 ಖಾಲಿ ಕೊಳವೆಗಳನ್ನು ಪರೀಕ್ಷಿಸಿದ ಕ್ಯಾಲ್ವಿನ್ ಗೊಡ್ಡಾರ್ಡ್, ಅವು ಎರಡು ಥಾಂಪ್ಸನ್ ಬಂದೂಕುಗಳಿಂದ ಬಂದವು ಅಂತ ತೋರಿಸಿದ್ದು ಈ ವಿದ್ಯೆಗೆ ಹೆಸರು ತಂದುಕೊಟ್ಟಿತು. ರಾಜ್ಯದಲ್ಲೂ 2015ರ ಎಂ.ಎಂ. ಕಲಬುರ್ಗಿ ಮತ್ತು 2017ರ ಗೌರಿ ಲಂಕೇಶ್ ಹತ್ಯೆಗಳಿಗೆ ಒಂದೇ 7.65 ಎಂಎಂ ನಾಡಪಿಸ್ತೂಲು ಬಳಕೆಯಾಗಿದೆ ಅಂತ ವಿಧಿವಿಜ್ಞಾನ ವರದಿ ಹೇಳಿದ್ದು ಇಂಥದೇ ಹೋಲಿಕೆಯಿಂದ.

ಹಾರಿಸದೇ ಹೊರತೆಗೆದ ತೋಟಾದಲ್ಲೂ ಕೊಕ್ಕೆ ಕಚ್ಚಿದ ಗುರುತು ಉಳಿದಿರುತ್ತೆ. ದಾರಿಯಲ್ಲೋ ಹಳೇ ಸಾಮಾನಿನಲ್ಲೋ ಸಿಕ್ಕ ತೋಟಾದ ಮೇಲೆ ಅಂಥ ಗುರುತಿದ್ದರೆ ಅದು ಯಾವುದೋ ಬಂದೂಕಿನೊಳಗೆ ಹೋಗಿ ಬಂದಿದೆ ಅಂತ ಪೊಲೀಸರು ಊಹಿಸಬಲ್ಲರು. ತೊಳೆದು ತಿಕ್ಕಿದರೆ ಆ ಸುಳಿವು ಹೋಗುತ್ತೆ.

ಗುಜರಿ ಅಂಗಡಿಯವರಿಗೆ ಇದು ನೇರವಾಗಿ ತಟ್ಟುವ ವಿಷಯ. ಹಿತ್ತಾಳೆ ರಾಶಿಯಲ್ಲಿ ಖಾಲಿ ಕೊಳವೆ ಬರುವುದುಂಟು, ನಡುವೆ ಒಂದೆರಡು ತುಂಬಿದ ತೋಟಾ ಸೇರಿರಬಹುದು. ಕೇಪಿನ ಮೇಲೆ ಗುಳಿ ಇದೆ ಅಂದ ಮಾತ್ರಕ್ಕೆ ಅದು ಹಾರಿಸಿದ್ದು ಅಂತ ತಿಳಿಯಬಾರದು. ಗುಳಿ ಬಿದ್ದೂ ಹಾರದ ತೋಟಾ ಇರುತ್ತೆ ಅನ್ನೋದು ಇಷ್ಟು ಹೊತ್ತಿಗೆ ಸ್ಪಷ್ಟವಾಗಿದೆ. ತುದಿಯಲ್ಲಿ ಗುಂಡು ಕೂತಿದ್ದರೆ ಅದು ಜೀವಂತ. ಸುತ್ತಿಗೆ ಏಟು, ಕಟಿಂಗ್ ಮೆಷಿನ್, ಕರಗಿಸುವ ಒಲೆ ಯಾವುದರ ಹತ್ತಿರಕ್ಕೂ ಒಯ್ಯಬಾರದು. ಪರವಾನಗಿ ಇಲ್ಲದೆ ಒಂದೇ ಒಂದು ತೋಟಾ ತಿಳಿದೂ ಇಟ್ಟುಕೊಂಡರೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ‘ರಾಶಿಯಲ್ಲಿ ಬಂತು, ಗೊತ್ತಿರಲಿಲ್ಲ’ ಅನ್ನೋ ಮಾತಿಗೆ ಬೆಲೆ ಇರೋದು ಗೊತ್ತಾದ ಕೂಡಲೇ ತಿಳಿಸಿದ್ದರೆ ಮಾತ್ರ. ಇದ್ದ ಜಾಗದಲ್ಲೇ ಬಿಟ್ಟು, ಮಕ್ಕಳನ್ನು ದೂರ ಕಳಿಸಿ, 112ಕ್ಕೆ ಅಥವಾ ಹತ್ತಿರದ ಠಾಣೆಗೆ ಫೋನ್ ಮಾಡಬೇಕು.

ಪರವಾನಗಿ ಇರುವವರು, ಕೊಡಗಿನಲ್ಲಿ 2029ರವರೆಗೆ ಪರವಾನಗಿ ವಿನಾಯಿತಿ ಇರುವ ಕೊಡವರು ಮತ್ತು ಜಮ್ಮಾ ಹಿಡುವಳಿದಾರರು ತಮ್ಮ ಕೆಟ್ಟ ತೋಟಾಗಳನ್ನು ಕೆರೆಗೆ, ಬಾವಿಗೆ, ತಿಪ್ಪೆಗೆ ಎಸೆಯಬಾರದು. ಬಿಚ್ಚಿ ಮದ್ದು ಸುರಿಯುವ ಸಾಹಸವೂ ಬೇಡ. ಬೇರೆ ಡಬ್ಬಿಯಲ್ಲಿ ಹಾಕಿ ‘ಕೆಟ್ಟಿದ್ದು’ ಅಂತ ಬರೆದಿಟ್ಟು, ತೋಟಾ ಖರೀದಿಸಿದ ಪರವಾನಗಿ ಹೊಂದಿದ ಅಂಗಡಿಯವರನ್ನು ಅಥವಾ ಠಾಣೆಯನ್ನು ವಿಚಾರಿಸಿ ಒಪ್ಪಿಸಬಹುದು. ಚುನಾವಣೆ ಹೊತ್ತಿಗೆ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡಲು ಹೋದಾಗಲೇ ಇದನ್ನೂ ಕೇಳಿಕೊಂಡು ಬಂದರೆ ಎರಡು ಸಲ ಓಡಾಡುವುದು ತಪ್ಪುತ್ತೆ.